ಕಡಲಾಮೆ ಮೊಟ್ಟೆ ಕಾಯುವುದು, ಮರಿಯ ಮೂಲ ಬರೆದಿಡುವುದು: ಉತ್ತರ ಕನ್ನಡ ಕರಾವಳಿಯವರಿಗೆ ಸಮಗ್ರ ಮಾರ್ಗದರ್ಶಿ

ಮಾಜಾಳಿ, ದೇವಬಾಗದಿಂದ ಹಿಡಿದು ಧಾರೇಶ್ವರ, ಕಾಸರಕೋಡು ಟೊಂಕದವರೆಗೆ ನಮ್ಮ ಜಿಲ್ಲೆಯ ಮರಳ ದಂಡೆಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಒಡಿಶಾದ ಗಹಿರ್‌ಮಾಥಾ ಅಥವಾ ಋಷಿಕುಲ್ಯದಲ್ಲಿ ಸಾವಿರಗಟ್ಟಲೆ ಆಮೆಗಳು ಒಟ್ಟಿಗೆ ದಡ ಹತ್ತುತ್ತವೆ. ನಮ್ಮಲ್ಲಿ ಹಾಗಿಲ್ಲ. ಒಂದು ರಾತ್ರಿ ಒಂದು ಬರುತ್ತದೆ, ಆಮೇಲೆ ಎಷ್ಟೋ ದಿನ ಏನೂ ಇಲ್ಲ. ಹಾಗಾಗಿ ಇಲ್ಲಿ ಪ್ರತಿ ಗೂಡೂ ಮುಖ್ಯ.

ಮೊಟ್ಟೆ ಕಾಯುವ ಉತ್ಸಾಹ ನಮ್ಮ ಹುಡುಗರಲ್ಲಿ ಚೆನ್ನಾಗಿಯೇ ಇದೆ. ಮೀನುಗಾರರ ಮನೆಗಳಲ್ಲಂತೂ ಆಮೆಯನ್ನು ಕೂರ್ಮಾವತಾರ ಎಂದು ಭಾವಿಸಿ, ಬಲೆಗೆ ಬಿದ್ದರೆ ಕೈಮುಗಿದು ಬಿಡುವವರು ಇದ್ದಾರೆ. ಕೊರತೆ ಇರುವುದು ಬರವಣಿಗೆಯಲ್ಲಿ. ಮರಿಗಳನ್ನು ಕಡಲಿಗೆ ಬಿಟ್ಟ ಫೋಟೋ ಎಲ್ಲರ ಮೊಬೈಲಿನಲ್ಲೂ ಸಿಗುತ್ತದೆ. ಆ ಮರಿಗಳು ಯಾವ ದಂಡೆಯ ಯಾವ ಗೂಡಿನವು, ತಾಯಿಗೆ ಟ್ಯಾಗ್ (ಗುರುತಿಗೆ ಹಾಕುವ ನಂಬರಿನ ಬಿಲ್ಲೆ) ಇತ್ತಾ, ಎಷ್ಟು ಮೊಟ್ಟೆ ಒಡೆಯಲಿಲ್ಲ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಮೂಲ ಗೊತ್ತಿಲ್ಲದ ಮರಿಯನ್ನು ಬಿಟ್ಟರೆ ಆ ಮರಿಗೆ ಒಳ್ಳೆಯದಾಗಬಹುದು, ಮುಂದಿನ ವರ್ಷದ ಗೂಡಿಗೆ ಅದರಿಂದ ಏನೂ ಕಲಿತಂತಾಗುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಕಾಯುವ ಕೆಲಸ ಮತ್ತು ಬರೆದಿಡುವ ಕೆಲಸ ಎರಡನ್ನೂ ಜೊತೆಯಲ್ಲೇ ಹೇಳುತ್ತಿದ್ದೇನೆ.

ಕೈ ಹಾಕುವ ಮೊದಲು

ಆಲಿವ್ ರಿಡ್ಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿದೆ. ಹುಲಿಗೆ ಇರುವಷ್ಟೇ ರಕ್ಷಣೆ. ಮೊಟ್ಟೆ ಮುಟ್ಟುವುದು, ಸಾಗಿಸುವುದು, ಮರಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಒಳ್ಳೆಯ ಮನಸ್ಸಿನಿಂದ ಮಾಡಿದರೂ ಅಪರಾಧವೇ. ಇಲ್ಲಿ ಬರೆದಿರುವ ಪ್ರತಿ ಕೆಲಸವನ್ನೂ ಅರಣ್ಯ ಇಲಾಖೆಯ ಸಿಬ್ಬಂದಿಯ ಜೊತೆಗೆ, ಅವರ ಅನುಮತಿಯಲ್ಲಿಯೇ ಮಾಡಬೇಕು. ಕಾರವಾರ, ಅಂಕೋಲಾ ಕಡೆಯವರಿಗೆ ಕಾರವಾರ ಅರಣ್ಯ ವಿಭಾಗ. ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಹೊನ್ನಾವರ ವಿಭಾಗ. ಯಾರ ನಂಬರೂ ಇಲ್ಲದಿದ್ದರೆ ರಾಜ್ಯದ ಅರಣ್ಯ ಸಹಾಯವಾಣಿ 1926 ಇದೆ.

ಸೀಸನ್ ಶುರುವಾಗುವ ಮೊದಲೇ, ಅಂದರೆ ಅಕ್ಟೋಬರ್‌–ನವೆಂಬರ್‌ನಲ್ಲಿ, ವಲಯ ಅರಣ್ಯಾಧಿಕಾರಿಯನ್ನು ಕಂಡು ಮಾತಾಡಿ. ಯಾವ ದಂಡೆಗೆ ಯಾರು ಹೋಗುವುದು, ರಾತ್ರಿ ಗೂಡು ಸಿಕ್ಕರೆ ಯಾರಿಗೆ ಫೋನ್ ಮಾಡುವುದು, ಯಾರ ಬಳಿ ರಿಜಿಸ್ಟರ್ ಇರುವುದು ಎಂದು ಆಗಲೇ ತೀರ್ಮಾನ ಆಗಿರಬೇಕು. ನಡುರಾತ್ರಿ ದಡದಲ್ಲಿ ನಿಂತು ಇದನ್ನೆಲ್ಲ ಹುಡುಕುತ್ತಾ ಕೂರಲು ಆಗುವುದಿಲ್ಲ, ಅಲ್ವಾ?

ಹೆಜ್ಜೆ ಓದುವುದು

ನಮ್ಮ ಕರಾವಳಿಯಲ್ಲಿ ಹೆಚ್ಚಿನ ಗೂಡುಗಳು ಸಿಗುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಆಮೆ ದಡ ಹತ್ತುವುದು ರಾತ್ರಿ. ಗಸ್ತಿಗೆ ರಾತ್ರಿ ಹೋಗಲು ಆಗದಿದ್ದರೂ ಬೆಳಗಿನ ಜಾವ ಬೆಳಕು ಹರಿಯುವ ಹೊತ್ತಿಗೆ ಹೋಗಲೇಬೇಕು. ಜನ ವಾಕಿಂಗ್‌ಗೆ ಬಂದು ಓಡಾಡಿದ ಮೇಲೆ, ರಂಪಣಿ ಬಲೆ ಎಳೆದ ಮೇಲೆ ಹೆಜ್ಜೆ ಉಳಿಯುವುದಿಲ್ಲ.

ರಿಡ್ಲೆಯ ಹೆಜ್ಜೆ ಸುಮಾರು ಮುಕ್ಕಾಲು ಮೀಟರ್ ಅಗಲ ಇರುತ್ತದೆ. ಎಡ ಬಲ ರೆಕ್ಕೆಗಳನ್ನು, ಅಂದರೆ ಈಜುವ ಕಾಲುಗಳನ್ನು, ಒಂದಾದ ಮೇಲೊಂದು ಹಾಕುವುದರಿಂದ ಗುರುತುಗಳು ಎದುರುಬದುರು ಇರುವುದಿಲ್ಲ, ಹಿಂದೆಮುಂದೆ ಇರುತ್ತವೆ. ಹಸಿರು ಕಡಲಾಮೆಯಾದರೆ ಎರಡೂ ರೆಕ್ಕೆಯನ್ನು ಒಟ್ಟಿಗೆ ಊರುತ್ತದೆ. ಅದರ ಹೆಜ್ಜೆ ಹೆಚ್ಚು ಅಗಲ, ಎರಡೂ ಬದಿ ಒಂದೇ ಸಮ. ಈ ವ್ಯತ್ಯಾಸವನ್ನು ಮೊದಲ ದಿನವೇ ಬರೆದಿಡಿ. ಮೂಲ ಗುರುತಿಸುವ ಮೊದಲ ಸಾಕ್ಷಿ ಇದೇ. ಹೆಜ್ಜೆಯ ಅಗಲವನ್ನು ಟೇಪ್‌ನಲ್ಲಿ ಅಳೆದು, ಟೇಪನ್ನು ಅಲ್ಲೇ ಇಟ್ಟು ಒಂದು ಫೋಟೋ ತೆಗೆಯಿರಿ.

ಮೇಲೆ ಬಂದ ಹೆಜ್ಜೆ, ಕೆಳಗೆ ಹೋದ ಹೆಜ್ಜೆ ಎರಡನ್ನೂ ಹುಡುಕಬೇಕು. ನಡುವೆ ಮರಳು ಕೆದರಿ, ಚೆಲ್ಲಿ, ತಟ್ಟಿದಂತೆ ಕಂಡರೆ ಅಲ್ಲಿ ಗೂಡು ಇರಬಹುದು. ರಿಡ್ಲೆ ಮೊಟ್ಟೆ ಇಟ್ಟ ಮೇಲೆ ಗುಂಡಿ ಮುಚ್ಚಿ, ಹೊಟ್ಟೆಯಿಂದ ಮರಳನ್ನು ಎಡಕ್ಕೂ ಬಲಕ್ಕೂ ಕುಟ್ಟಿ ಗಟ್ಟಿ ಮಾಡುತ್ತದೆ. ಮೇಲೆ ಬಂದು ಸುಮ್ನೆ ತಿರುಗಿ ಹೋದ ಹೆಜ್ಜೆಯೂ ಸಿಗುತ್ತದೆ. ಟಾರ್ಚ್ ಬೆಳಕು, ನಾಯಿ, ಗದ್ದಲ ಕಂಡು ಹೆದರಿ ಹೋಗಿರುತ್ತದೆ. ಅದನ್ನೂ ಬರೆಯಬೇಕು. ಒಂದು ದಂಡೆಯಲ್ಲಿ ಇಂಥ ಖಾಲಿ ಹೆಜ್ಜೆಗಳು ಜಾಸ್ತಿಯಾದರೆ ಅಲ್ಲಿ ಬೆಳಕಿನ ತೊಂದರೆಯೋ ಜನರ ತೊಂದರೆಯೋ ಇದೆ ಎಂದು ತಿಳಿಯುತ್ತದೆ.

ಗೂಡು ಹುಡುಕಲು ಕಬ್ಬಿಣದ ಸರಳು, ಕೋಲು ಚುಚ್ಚಬೇಡಿ. ಚುಚ್ಚಿದರೆ ಮೊಟ್ಟೆ ಒಡೆಯುತ್ತದೆ, ಒಡೆದ ಮೊಟ್ಟೆಗೆ ಇರುವೆ ಮುತ್ತುತ್ತದೆ, ಕೊಳೆತು ಪಕ್ಕದ ಮೊಟ್ಟೆಗಳೂ ಹಾಳಾಗುತ್ತವೆ. ಅಂಗೈಯಿಂದ ಒತ್ತಿ ನೋಡಿ. ಗೂಡಿನ ಬಾಯಿಯ ಮೇಲೆ ಮರಳು ಮೆತ್ತಗೆ ಒಳಕ್ಕೆ ಹೋಗುತ್ತದೆ. ಸುತ್ತಲಿನ ಮರಳು ಗಟ್ಟಿ ಇರುತ್ತದೆ. ದಂಡೆಯ ಹಿರಿಯ ಮೀನುಗಾರರಿಗೆ ಈ ಅಂದಾಜು ಚೆನ್ನಾಗಿ ಗೊತ್ತಿದೆ. ಅವರನ್ನು ಕರೆದು ಕೇಳಿ, ಪಕ್ಕದಲ್ಲಿ ಕೂತು ಕಲಿಯಿರಿ.

ಆಮೆ ಮೊಟ್ಟೆ ಇಡುತ್ತಿರುವಾಗಲೇ ನೀವು ಅಲ್ಲಿ ಇದ್ದರೆ ದೂರದಲ್ಲಿ, ಅದರ ಹಿಂದೆ, ಬೆಳಕಿಲ್ಲದೆ ಕೂರಬೇಕು. ಬೆಳಕು ಬೇಕೇ ಬೇಕಾದರೆ ಟಾರ್ಚ್‌ಗೆ ಕೆಂಪು ಕಾಗದ ಕಟ್ಟಿಕೊಳ್ಳಿ. ಮೊಬೈಲ್ ಫ್ಲ್ಯಾಶ್ ಬೇಡ.

ಸ್ಥಳದಲ್ಲೇ ಬಿಡುವುದೋ, ಹ್ಯಾಚರಿಗೆ ತರುವುದೋ

ಇಡೀ ಕೆಲಸದಲ್ಲಿ ದೊಡ್ಡ ತೀರ್ಮಾನ ಇದೇ. ತಾಯಿ ಆರಿಸಿದ ಜಾಗದಲ್ಲೇ ಮೊಟ್ಟೆ ಬಿಡುವುದು ಮೊದಲ ಆಯ್ಕೆಯಾಗಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಹ್ಯಾಚರಿ, ಅಂದರೆ ಮೊಟ್ಟೆಗಳನ್ನು ತಂದು ಹೂತು ಕಾಯುವ ಬೇಲಿಯೊಳಗಿನ ಜಾಗ, ಇರುವುದು ಬೇರೆ ದಾರಿಯೇ ಇಲ್ಲದಾಗ. ಆದರೆ ಹ್ಯಾಚರಿ ಕಟ್ಟಿದ ಮೇಲೆ ಅದನ್ನು ತುಂಬಿಸಬೇಕು ಎಂಬ ಆಸೆ ಬರುತ್ತದೆ. ಗಣ್ಯರು ಬರುತ್ತಾರೆ, ಫೋಟೋ ಬೇಕು, ಗೂಡಿನ ಲೆಕ್ಕ ದೊಡ್ಡದಿರಬೇಕು. ಈ ಒತ್ತಡಕ್ಕೆ ಒಳ್ಳೆಯ ಗೂಡುಗಳನ್ನು ಕಿತ್ತು ತರಬಾರದು. ಎಷ್ಟೇ ಜೋಪಾನ ಮಾಡಿದರೂ ಸಾಗಿಸಿದ ಮೊಟ್ಟೆಗೆ ಸ್ವಲ್ಪವಾದರೂ ಪೆಟ್ಟು ಇದ್ದೇ ಇದೆ.

ಮೂರು ಸಂಗತಿ ನೋಡಿ. ಮೊದಲನೆಯದು ನೀರು. ಹುಣ್ಣಿಮೆ, ಅಮಾವಾಸ್ಯೆಯ ಭರತದಲ್ಲಿ ನೀರು ಎಲ್ಲಿವರೆಗೆ ಬರುತ್ತದೆ ಎಂದು ಕಸ, ಒಣಗಿದ ಪಾಚಿಯ ಗೆರೆ ನೋಡಿ ಹೇಳಬಹುದು. ಗೂಡು ಆ ಗೆರೆಯ ಕೆಳಗಿದ್ದರೆ ಮತ್ತೆಮತ್ತೆ ನೀರು ನುಗ್ಗಿ ಒಳಗಿನ ಭ್ರೂಣ ಉಸಿರು ಕಟ್ಟಿ ಸಾಯುತ್ತದೆ. ಮೇಲಿದ್ದರೆ ಭಯವಿಲ್ಲ. ಕಡಲ್ಕೊರೆತದ ಜಾಗಗಳಲ್ಲಿ ಇದನ್ನು ಇನ್ನೂ ಎಚ್ಚರದಿಂದ ನೋಡಬೇಕು. ಕಲ್ಲಿನ ತಡೆಗೋಡೆ ಹಾಕಿದ ಕಡೆ ಆಮೆಗೆ ಮೇಲೆ ಹತ್ತಲು ಜಾಗ ಸಿಗದೆ ನೀರಿನ ಅಂಚಿನಲ್ಲೇ ಮೊಟ್ಟೆ ಇಡುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಕಡಲು ಸೇರುವ ಮುಖದ ಹತ್ತಿರ ಮರಳಿನ ದಿಬ್ಬ ವಾರದಲ್ಲೇ ಆಚೀಚೆ ಆಗುವುದುಂಟು. ಅಲ್ಲಿ ಇವತ್ತಿನ ಗೆರೆಯನ್ನು ನಂಬಬೇಡಿ.

ಎರಡನೆಯದು ನಾಯಿ, ನರಿ, ಉಡ, ಏಡಿ. ಇವುಗಳ ಭಯ ಇದ್ದ ಮಾತ್ರಕ್ಕೆ ಗೂಡು ಕೀಳಬೇಕಾಗಿಲ್ಲ. ಗೂಡಿನ ಮೇಲೆ ಸುಮಾರು ಒಂದು ಮೀಟರ್ ಚದರದ ಕಬ್ಬಿಣದ ಜಾಲರಿಯನ್ನು ಮರಳಿನ ಅಡಿ ಸ್ವಲ್ಪ ಆಳದಲ್ಲಿ ಮಟ್ಟಸವಾಗಿ ಹೂತು, ನಾಲ್ಕು ಮೂಲೆಗೆ ಗೂಟ ಹೊಡೆದರೆ ನಾಯಿಗೆ ಅಗೆಯಲು ಆಗುವುದಿಲ್ಲ. ಮರಿ ನುಸುಳಿ ಬರುವಷ್ಟು ಕಣ್ಣು ಜಾಲರಿಗೆ ಇರಬೇಕು.

ಮೂರನೆಯದು ಮನುಷ್ಯರು. ರೆಸಾರ್ಟ್ ದೀಪ, ದಂಡೆಯ ಮೇಲೆ ಓಡುವ ಬೈಕು, ಮೊಟ್ಟೆ ಕದಿಯುವವರು. ಊರಿನವರೇ ಕಾವಲಿಗೆ ನಿಂತರೆ ಗೂಡು ಅಲ್ಲೇ ಉಳಿಯಬಹುದು. ನಿಲ್ಲುವವರಿಲ್ಲ ಎಂದಾದರೆ ಮಾತ್ರ ಸಾಗಿಸುವ ಯೋಚನೆ.

ಯಾಕೆ ಹೀಗೆ ತೀರ್ಮಾನಿಸಿದಿರಿ ಎಂಬ ಕಾರಣವನ್ನೂ ಒಂದು ಸಾಲು ಬರೆಯಿರಿ. 'ಭರತದ ಗೆರೆಯ ಕೆಳಗಿತ್ತು' ಎಂದು ಬರೆದರೆ ಸಾಕು.

ಮೊಟ್ಟೆ ಸಾಗಿಸುವಾಗ

ಇಲ್ಲಿ ಗಡಿಯಾರ ನೋಡಲೇಬೇಕು. ಮೊಟ್ಟೆ ಇಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣ ಮೊಟ್ಟೆಯ ಮೇಲ್ಭಾಗದ ಒಳಗೋಡೆಗೆ ಅಂಟಿಕೊಳ್ಳಲು ಶುರುಮಾಡುತ್ತದೆ. ಆಮೇಲೆ ಮೊಟ್ಟೆಯನ್ನು ತಿರುಗಿಸಿದರೆ, ಅಲುಗಾಡಿಸಿದರೆ ಆ ಪೊರೆ ಹರಿದು ಭ್ರೂಣ ಸಾಯುತ್ತದೆ. ಹೊರಗಿನಿಂದ ಮೊಟ್ಟೆ ಚೆನ್ನಾಗಿಯೇ ಕಾಣುತ್ತದೆ. ಕೋಳಿ ಮೊಟ್ಟೆಯನ್ನು ಕಾವಿಗೆ ಇಟ್ಟಾಗ ತಿರುಗಿಸುತ್ತಲೇ ಇರುತ್ತಾರೆ, ಆಮೆ ಮೊಟ್ಟೆಗೆ ಅದೇ ಮೃತ್ಯು. ಆದ್ದರಿಂದ ಸಾಗಿಸುವುದಿದ್ದರೆ ಮೊಟ್ಟೆ ಇಟ್ಟು ಆರು ಗಂಟೆಯ ಒಳಗೆ ಹೊಸ ಗುಂಡಿ ಸೇರಬೇಕು. ಎರಡು ಗಂಟೆಯ ಒಳಗಾದರೆ ಇನ್ನೂ ಒಳ್ಳೆಯದು.

ಗುಂಡಿಯನ್ನು ಕೈಯಿಂದಲೇ ತೆಗೆಯಬೇಕು. ಸಲಿಕೆ, ಗುದ್ದಲಿ ಬೇಡ. ಕೈಗೆ ಗ್ಲೌಸ್ ಇರಲಿ. ಹಚ್ಚಿಕೊಂಡ ಸೊಳ್ಳೆ ಎಣ್ಣೆ, ಸನ್‌ಸ್ಕ್ರೀನ್ ಮೊಟ್ಟೆಗೆ ತಾಗಬಾರದು. ಮೊದಲ ಮೊಟ್ಟೆ ಕಂಡ ಕೂಡಲೇ ದಂಡೆಯ ಮೇಲ್ಮೈಯಿಂದ ಅಲ್ಲಿಗೆ ಎಷ್ಟು ಆಳ ಎಂದು ಅಳೆಯಿರಿ. ಎಲ್ಲ ಮೊಟ್ಟೆ ತೆಗೆದ ಮೇಲೆ ತಳದವರೆಗಿನ ಆಳ ಮತ್ತು ಹೊಟ್ಟೆಯ ಅಗಲ. ಸಾಮಾನ್ಯವಾಗಿ ತಳ 40–50 ಸೆಂಟಿಮೀಟರ್ ಆಳದಲ್ಲಿ ಇರುತ್ತದೆ. ಬಾಯಿ ಕಿರಿದು, ಹೊಟ್ಟೆ ಅಗಲ, ಹೂಜಿಯ ಆಕಾರ.

ಬಕೆಟ್‌ನ ತಳಕ್ಕೆ ಅದೇ ಗೂಡಿನ ತೇವದ ಮರಳು ಹಾಕಿ. ಒಂದೊಂದೇ ಮೊಟ್ಟೆಯನ್ನು ಎತ್ತಿದ ಹಾಗೆಯೇ, ಮೇಲಿನ ಬದಿ ಮೇಲೇ ಇರುವಂತೆ ಇಡಿ. ಎಣಿಸುತ್ತಾ ಹೋಗಿ. ಒಬ್ಬರು ಎತ್ತುವುದು, ಇನ್ನೊಬ್ಬರು ಎಣಿಸಿ ಬರೆಯುವುದು. ನೂರರಿಂದ ನೂರಿಪ್ಪತ್ತು ಸಾಮಾನ್ಯ. ಮೊಟ್ಟೆಗೆ ಅಂಟಿದ ಲೋಳೆ, ಮರಳು ತೊಳೆಯಬೇಡಿ. ಮೇಲೆ ಒದ್ದೆ ಬಟ್ಟೆ ಮುಚ್ಚಿ, ನಡೆದುಕೊಂಡೇ ಒಯ್ಯಿರಿ. ದೂರ ಇದ್ದರೆ ವಾಹನದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ನಿಧಾನ ಹೋಗಬೇಕು. ಬೈಕ್ ಹಿಂದೆ ಕಟ್ಟಿಕೊಂಡು ಹೋಗುವುದು ಬೇಡವೇ ಬೇಡ.

ಬೆಳಿಗ್ಗೆ ಗೂಡು ಸಿಕ್ಕಿತು, ಯಾವಾಗ ಇಟ್ಟದ್ದೋ ಗೊತ್ತಿಲ್ಲ, ಬಿಟ್ಟರೆ ಕಡಲಿಗೆ ಹೋಗುವುದು ಖಾತ್ರಿ ಎಂದಾಗ ಏನು ಮಾಡುವುದು? ಆಗ ಪ್ರತಿ ಮೊಟ್ಟೆಯ ಮೇಲ್ಭಾಗಕ್ಕೆ ಮೆತ್ತನೆಯ ಪೆನ್ಸಿಲ್‌ನಿಂದ ಒಂದು ಚುಕ್ಕಿ ಇಟ್ಟು, ಅದು ಮೇಲೆಯೇ ಇರುವಂತೆ ಸಾಗಿಸುವುದೊಂದೇ ದಾರಿ. ಗೂಡಿನ ಕಾರ್ಡಿನಲ್ಲಿ (ಅದರ ವಿವರ ಮುಂದಿದೆ) 'ತಡವಾಗಿ ಸಾಗಿಸಿದ್ದು' ಎಂದು ಬರೆಯಲೇಬೇಕು. ಮುಂದೆ ಈ ಗೂಡಿನಲ್ಲಿ ಮರಿ ಕಡಿಮೆಯಾದರೆ ಕಾರಣ ಹುಡುಕುವವರಿಗೆ ಈ ಸಾಲು ಬೇಕು.

ಹ್ಯಾಚರಿಯ ಜಾಗ ಮತ್ತು ಗುಂಡಿ

ಹ್ಯಾಚರಿ ದಂಡೆಯ ಮೇಲೆಯೇ ಇರಬೇಕು, ಅತಿ ಹೆಚ್ಚಿನ ಭರತದ ಗೆರೆಗಿಂತ ಮೇಲೆ, ನೇರಳೆ ಹೂವಿನ ಬಳ್ಳಿ ಹಬ್ಬುವ ಮಟ್ಟದ ಆಸುಪಾಸು. ಗಾಳಿ ಮರದ ಬುಡದಲ್ಲಿ ಬೇಡ. ಬೇರು ಗೂಡಿನೊಳಗೆ ನುಗ್ಗುತ್ತದೆ, ನೆರಳೂ ಅತಿಯಾಗುತ್ತದೆ. ಕಳೆದ ವರ್ಷ ಹ್ಯಾಚರಿ ಇದ್ದ ಜಾಗವನ್ನೇ ಮತ್ತೆ ಬಳಸಬಾರದು. ಹಳೆಯ ಮೊಟ್ಟೆ, ಚಿಪ್ಪಿನ ಕೊಳೆತದಿಂದ ಅಲ್ಲಿನ ಮರಳಿನಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಉಳಿದಿರುತ್ತವೆ. ಕೆಲವು ಮೀಟರ್ ಆಚೆ ಸರಿಸಿ. ಜಾಗವೇ ಇಲ್ಲದಿದ್ದರೆ ಹಳೆಯ ಮರಳು ತೆಗೆದು ಹೊಸದನ್ನು ತುಂಬಬೇಕು. ಅದು ಅದೇ ದಂಡೆಯ ಮರಳೇ ಆಗಿರಲಿ.

ಸುತ್ತ ಜಾಲರಿ ಕಟ್ಟಿ. ಅದರ ಅಂಚನ್ನು ಅರ್ಧ ಮೀಟರ್ ಆಳಕ್ಕೆ ಹೂಳಬೇಕು, ಇಲ್ಲವಾದರೆ ಏಡಿಗಳು ಅಡಿಯಿಂದ ಕೊರೆದು ಬರುತ್ತವೆ. ಗೂಡಿನಿಂದ ಗೂಡಿಗೆ ಒಂದು ಮೀಟರ್ ಅಂತರ ಇರಲಿ. ಹತ್ತಿರ ಹತ್ತಿರ ಇಟ್ಟರೆ ಬಿಸಿ ಏರುತ್ತದೆ, ಒಳಗಿನ ಗಾಳಿ ಸಾಲುವುದಿಲ್ಲ, ನಿಮಗೂ ಕಾಲಿಡಲು ಜಾಗ ಇರುವುದಿಲ್ಲ.

ಗುಂಡಿಯನ್ನು ನೀವು ಅಳೆದ ಅಳತೆಗೇ ತೋಡಿ. ಒಣ ಮರಳು ಕುಸಿಯುತ್ತದೆ, ತೇವದ ಪದರ ಸಿಗುವವರೆಗೆ ಮೇಲಿನ ಒಣ ಮರಳನ್ನು ಬದಿಗೆ ಸರಿಸಿ ಆಮೇಲೆ ಹೂಜಿಯ ಆಕಾರ ಕೊಡಿ. ಮೊಟ್ಟೆಗಳನ್ನು ಇಟ್ಟು, ಮೇಲೆ ಮೂಲ ಗೂಡಿನ ತೇವದ ಮರಳು ಹಾಕಿ, ಕೊನೆಗೆ ಒಣ ಮರಳು. ಕಾಲಿನಿಂದ ತುಳಿಯಬೇಡಿ. ನೀರು ಚಿಮುಕಿಸಲೂ ಬೇಡಿ.

ಬಿಸಿಲು ಮತ್ತು ಹೆಣ್ಣು-ಗಂಡು

ಮರಿ ಹೊರಬರಲು 45ರಿಂದ 60 ದಿನ ಬೇಕು. ಚಳಿ ಇರುವ ಡಿಸೆಂಬರ್–ಜನವರಿಯ ಗೂಡಿಗೆ ಹೆಚ್ಚು ದಿನ, ಮಾರ್ಚ್‌ನ ಗೂಡಿಗೆ ಕಡಿಮೆ. ಮರಳಿನ ಬಿಸಿಯೇ ಮರಿಯ ಲಿಂಗವನ್ನೂ ತೀರ್ಮಾನಿಸುತ್ತದೆ. ಕಾವಿನ ನಡುವಿನ ಮೂರನೇ ಒಂದು ಭಾಗದ ದಿನಗಳಲ್ಲಿ ಮರಳು ತಂಪಾಗಿದ್ದರೆ ಗಂಡು ಜಾಸ್ತಿ, ಬಿಸಿಯಾಗಿದ್ದರೆ ಹೆಣ್ಣು ಜಾಸ್ತಿ. ಎರಡೂ ಸಮ ಬರುವ ಮಟ್ಟ ಸುಮಾರು 29ರಿಂದ 30 ಡಿಗ್ರಿ. 34–35 ಡಿಗ್ರಿ ದಾಟಿ ದಿನಗಟ್ಟಲೆ ಹಾಗೇ ಉಳಿದರೆ ಭ್ರೂಣವೇ ಸಾಯಬಹುದು.

ಹಾಗಂತ ಎಲ್ಲ ಗೂಡಿಗೂ ದಪ್ಪ ನೆರಳು ಕಟ್ಟುವುದು ತಪ್ಪು. ಡಿಸೆಂಬರ್, ಜನವರಿಯಲ್ಲಿ ನೆರಳೇ ಬೇಡ. ಫೆಬ್ರವರಿ ಕೊನೆಯಿಂದ ಬಿಸಿಲು ಏರಿದ ಮೇಲೆ ಅರ್ಧ ಬೆಳಕು ಬಿಡುವ ಹಸಿರು ಬಲೆ ಕಟ್ಟಿದರೆ ಸಾಕು. ಅದನ್ನೂ ಎತ್ತರದಲ್ಲಿ ಕಟ್ಟಿ ಗಾಳಿ ಆಡಲು ಬಿಡಿ. ಗೂಡುಗಳ ನಡುವೆ ಖಾಲಿ ಜಾಗದಲ್ಲಿ, ಮೊಟ್ಟೆ ಇರುವಷ್ಟೇ ಆಳದಲ್ಲಿ ಒಂದು ಥರ್ಮಾಮೀಟರ್ ಹೂತು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಓದಿ ಬರೆಯಿರಿ. ಗೂಡಿನ ಒಳಗೆ ಚುಚ್ಚಬೇಡಿ. ಮರಿಯನ್ನು ನೋಡಿ ಹೆಣ್ಣೋ ಗಂಡೋ ಹೇಳಲು ಯಾರಿಂದಲೂ ಆಗದು. ಈ ಬಿಸಿಯ ಪಟ್ಟಿಯಿಂದ ಮಾತ್ರ ಒಂದು ಅಂದಾಜು ಸಿಗುತ್ತದೆ. ಕಾರ್ಡಿಗೆ ಇದು ಹೋಗಲೇಬೇಕು.

ತಾಯಿ ಯಾರು, ಮೂಲ ಎಲ್ಲಿ

ತಾಯಿಯನ್ನು ಕಂಡರೆ ಮೊದಲು ನೋಡಬೇಕಾದದ್ದು ಮುಂದಿನ ರೆಕ್ಕೆಗಳ ಹಿಂಬದಿಯ ಅಂಚು. ಅಲ್ಲಿ ಸಣ್ಣ ಲೋಹದ ಟ್ಯಾಗ್ ಇರಬಹುದು. ಆಮೆ ಮೊಟ್ಟೆ ಇಟ್ಟು ಮುಗಿಸಿ ಗುಂಡಿ ಮುಚ್ಚುವಾಗ ನೋಡಿ, ಮೊದಲೇ ಹೋಗಿ ಅದನ್ನು ಬೆದರಿಸಬೇಡಿ. ಸಂಖ್ಯೆಯ ಮುಂದಿನ ಸೊನ್ನೆಯನ್ನೂ ಸೇರಿಸಿ ಬರೆಯಬೇಕು. ಟ್ಯಾಗ್‌ನ ಇನ್ನೊಂದು ಬದಿಯಲ್ಲಿ ಅಕ್ಷರಗಳಿದ್ದರೆ ಅದನ್ನೂ. ಟ್ಯಾಗ್ ಬಿದ್ದುಹೋಗಿ ತೂತು ಅಥವಾ ಹರಿದ ಗುರುತು ಮಾತ್ರ ಉಳಿದಿರಬಹುದು, ಅದೂ ಒಂದು ಮಾಹಿತಿ. ಟ್ಯಾಗ್ ಕೀಳಬಾರದು. ಆಮೆಯ ಬೆನ್ನಿಗೆ ಬಣ್ಣ ಬಳಿಯುವುದು, ಹೆಸರು ಬರೆಯುವುದು ಯಾವತ್ತೂ ಮಾಡಬಾರದು.

ಒಂದು ಸಂಖ್ಯೆ ಎಷ್ಟು ದೊಡ್ಡ ಸಂಗತಿ ಹೇಳಬಲ್ಲದು ಎಂಬುದಕ್ಕೆ ಒಳ್ಳೆಯ ಉದಾಹರಣೆ ಹತ್ತಿರದಲ್ಲೇ ಇದೆ. 2021ರಲ್ಲಿ ಒಡಿಶಾ ಕರಾವಳಿಯಲ್ಲಿ 03233 ಎಂಬ ಟ್ಯಾಗ್ ಹಾಕಿದ್ದ ಆಲಿವ್ ರಿಡ್ಲೆ 2025ರ ಆರಂಭದಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗುಹಾಗರದಲ್ಲಿ ಮೊಟ್ಟೆ ಇಡುತ್ತಾ ಸಿಕ್ಕಿತು. ಪೂರ್ವ ಕರಾವಳಿಯ ಆಮೆ, ಪಶ್ಚಿಮ ಕರಾವಳಿಯ ಆಮೆ ಬೇರೆಬೇರೆ ಎಂದು ಗೆರೆ ಎಳೆದು ಕೂರಲು ಆಗುವುದಿಲ್ಲ ಎಂದು ಇದರಿಂದ ಗೊತ್ತಾಯಿತು. ಆ ರಾತ್ರಿ ದಂಡೆಯಲ್ಲಿದ್ದವರು ಟ್ಯಾಗ್ ನೋಡದೆ ಬಿಟ್ಟಿದ್ದರೆ ಈ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಗುಹಾಗರದಿಂದ ಕಾರವಾರಕ್ಕೆ ಆಮೆಗೆ ಎಷ್ಟು ದೂರ? ಇಂಥದ್ದೇ ಒಂದು ನಮ್ಮ ದೇವಬಾಗದಲ್ಲೋ ಧಾರೇಶ್ವರದಲ್ಲೋ ಹತ್ತಬಹುದು.

ಟ್ಯಾಗ್ ಇಲ್ಲದ ತಾಯಿಯ ವಿಷಯದಲ್ಲಿ ಊಹೆ ಮಾಡಬಾರದು. ಒಂದೇ ಆಮೆ ಒಂದು ಸೀಸನ್‌ನಲ್ಲಿ ಎರಡು ಸಲ ಮೊಟ್ಟೆ ಇಡುವುದುಂಟು, ನಡುವೆ ಎರಡರಿಂದ ನಾಲ್ಕು ವಾರದ ಅಂತರ. ಹಾಗಂತ ಅದೇ ದಂಡೆಯಲ್ಲಿ ತಿಂಗಳ ಮೇಲೆ ಸಿಕ್ಕ ಗೂಡು ಅದೇ ತಾಯಿಯದು ಎಂದು ಬರೆಯುವಂತಿಲ್ಲ. 'ತಾಯಿ ಕಾಣಲಿಲ್ಲ' ಎಂದು ಬರೆಯಿರಿ, ಅದೇ ಪ್ರಾಮಾಣಿಕ ದಾಖಲೆ. ಅಪ್ಪನ ವಿಷಯ ಇನ್ನೂ ಕಷ್ಟ. ಹೆಣ್ಣಾಮೆ ಒಂದಕ್ಕಿಂತ ಹೆಚ್ಚು ಗಂಡುಗಳ ಜೊತೆ ಕೂಡುವುದರಿಂದ ಒಂದೇ ಗೂಡಿನ ಮರಿಗಳಿಗೆ ಬೇರೆಬೇರೆ ಅಪ್ಪಂದಿರು ಇರಬಹುದು. ಡಿಎನ್‌ಎ ಪರೀಕ್ಷೆಯಲ್ಲಿ ಇದು ಸಾಬೀತಾಗಿದೆ.

ಡಿಎನ್‌ಎ ಕೆಲಸ ನಮ್ಮದಲ್ಲ, ಆದರೆ ಅದಕ್ಕೆ ಬೇಕಾದ ಮೂಲ ಸಾಮಗ್ರಿ ನಮ್ಮ ಗೂಡಿನಲ್ಲೇ ಇರುತ್ತದೆ. ಗೂಡಿನಲ್ಲಿ ಸತ್ತು ಉಳಿದ ಮರಿಯ ಚೂರು ಅಂಗಾಂಶವನ್ನು ಇಲಾಖೆಯ ಅನುಮತಿ ಪಡೆದ ಸಂಶೋಧಕರು ಆಲ್ಕೋಹಾಲ್‌ನಲ್ಲಿ ಇಟ್ಟು ಒಯ್ಯುತ್ತಾರೆ. ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಎಂಬ ಭಾಗದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ, ಹಾಗಾಗಿ ತಾಯಿಯ ಕಡೆಯ ವಂಶ ಅದರಲ್ಲಿ ಓದಬಹುದು. ಭಾರತದ ಪೂರ್ವ ಕರಾವಳಿಯ ಆಲಿವ್ ರಿಡ್ಲೆಗಳು ಜಗತ್ತಿನ ಬೇರೆ ಕಡಲುಗಳ ರಿಡ್ಲೆಗಳಿಗೆ ಮೂಲ ಗುಂಪಾಗಿರಬಹುದು ಎಂದು 2004ರಲ್ಲಿ ಬಂದ ಒಂದು ಅಧ್ಯಯನ ಹೇಳಿದ್ದು ಇದೇ ವಿಧಾನದಿಂದ. ಸೀಸೆಯ ಮೇಲೆ ಗೂಡಿನ ನಂಬರು ಇಲ್ಲದಿದ್ದರೆ ಆ ಚೂರಿಗೆ ಅರ್ಥವೇ ಇರುವುದಿಲ್ಲ.

ಶಿರಸಿ, ಕಾರವಾರದಲ್ಲಿ ಮನೆಯಲ್ಲಿ ನಕ್ಷತ್ರ ಆಮೆ ಸಾಕಿ ಮರಿ ಮಾಡಿಸಬಹುದಾ ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ: ಆಗದು. 2022ರ ತಿದ್ದುಪಡಿಯ ನಂತರ ಅದೂ ಮೊದಲನೇ ಪರಿಚ್ಛೇದದ ಪ್ರಾಣಿ. 2019ರಿಂದ ಅಂತರರಾಷ್ಟ್ರೀಯ ವ್ಯಾಪಾರವೂ ಪೂರ್ತಿ ನಿಷೇಧದ ಪಟ್ಟಿಯಲ್ಲಿದೆ. ಮಾರುವವರು ತೋರಿಸುವ 'ಫಾರಂನಲ್ಲಿ ಹುಟ್ಟಿದ್ದು' ಎಂಬ ಕಾಗದಕ್ಕೆ ಬೆಲೆ ಇಲ್ಲ. ಸಿಂಗಾಪುರದಲ್ಲಿ ಸಿಕ್ಕಿಬಿದ್ದು ವಾಪಸ್ ಬಂದ ನಕ್ಷತ್ರ ಆಮೆಗಳು ದೇಶದ ಯಾವ ಭಾಗದವು ಎಂದು ತಿಳಿಯಲು ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆಯನ್ನೇ ಮಾಡಬೇಕಾಯಿತು. 2006ರಲ್ಲಿ ಅದು ಪ್ರಕಟವಾಯಿತು. ಒಮ್ಮೆ ಮೂಲ ತಪ್ಪಿದ ಪ್ರಾಣಿಯನ್ನು ಅದರ ಸ್ವಂತ ನೆಲಕ್ಕೆ ಸೇರಿಸುವುದು ಅಷ್ಟು ಕಷ್ಟ. ಅದು ಒಣ ಕುರುಚಲು ನೆಲದ ಪ್ರಾಣಿ, ನಮ್ಮ ಮಳೆಯ ಕಾಡಿನದಲ್ಲ. ಎಲ್ಲಾದರೂ ಸಿಕ್ಕರೆ ಕಾಡಿಗೂ ಬಿಡಬೇಡಿ, ಅರಣ್ಯ ಇಲಾಖೆಗೆ ಒಪ್ಪಿಸಿ.

ಗೂಡಿನ ಕಾರ್ಡು

ಪ್ರತಿ ಗೂಡಿಗೆ ಒಂದು ನಂಬರು. ದಂಡೆಯ ಹೆಸರಿನ ಮೊದಲ ಅಕ್ಷರ, ವರ್ಷ, ಸಾಲು ಸಂಖ್ಯೆ: ಧಾರೇಶ್ವರದ ನಾಲ್ಕನೇ ಗೂಡಾದರೆ 'ಧಾ–2025–04'. ಹ್ಯಾಚರಿಯ ಗೂಟದ ಮೇಲೆ, ರಿಜಿಸ್ಟರಿನಲ್ಲಿ, ಫೋಟೋದ ಹೆಸರಿನಲ್ಲಿ ಎಲ್ಲ ಕಡೆ ಇದೇ ನಂಬರು ಇರಬೇಕು. ಕಾರ್ಡಿನಲ್ಲಿ ಇಷ್ಟು ಇರಲಿ:

– ಮೊಟ್ಟೆ ಇಟ್ಟ ದಿನ, ಗಂಟೆ (ಕಂಡದ್ದೋ, ಅಂದಾಜೋ)
– ಮೂಲ ಗೂಡಿನ ಜಿಪಿಎಸ್, ಭರತದ ಗೆರೆಯಿಂದ ದೂರ
– ಹೆಜ್ಜೆಯ ಅಗಲ, ತಾಯಿಯ ಟ್ಯಾಗ್
– ಮೊಟ್ಟೆಗಳ ಸಂಖ್ಯೆ, ಒಡೆದದ್ದು ಎಷ್ಟು
– ಮೂಲ ಆಳ, ಹೊಸ ಆಳ
– ಸಾಗಿಸಿದ ಕಾರಣ, ಹೊಸ ಗುಂಡಿಗೆ ಸೇರಿದ ಗಂಟೆ
– ಕಂಡವರು, ಸಾಗಿಸಿದವರು, ಹಾಜರಿದ್ದ ಅರಣ್ಯ ಸಿಬ್ಬಂದಿ

ಪೆನ್ಸಿಲ್‌ನಲ್ಲಿ ಬರೆಯಿರಿ. ಉಪ್ಪು ನೀರು ತಾಗಿದರೆ ಶಾಯಿ ಹರಡುತ್ತದೆ. ಅದೇ ದಿನ ಕಾರ್ಡಿನ ಫೋಟೋ ತೆಗೆದು ಗಾರ್ಡ್‌ಗೆ ಕಳಿಸಿ. ನೆನಪಿನಿಂದ ವಾರದ ಮೇಲೆ ತುಂಬಿದ ಕಾರ್ಡನ್ನು ನಾನಾದರೆ ನಂಬುವುದಿಲ್ಲ. ಜಿಪಿಎಸ್ ಇರುವ ಫೋಟೋಗಳನ್ನು ಮಾತ್ರ ಎಲ್ಲರಿಗೂ ಹಂಚಬೇಡಿ, ಮೊಟ್ಟೆ ಕದಿಯುವವರಿಗೂ ಅದು ದಾರಿ ತೋರಿಸುತ್ತದೆ.

ಮರಿ ಬರುವ ದಿನ

40ನೇ ದಿನ ದಾಟಿದ ಮೇಲೆ ಪ್ರತಿ ಗೂಡಿನ ಮೇಲೆ ಬಿದಿರಿನ ಬುಟ್ಟಿ ಅಥವಾ ಜಾಲರಿಯ ಬಳೆ ಇಡಿ. ಬೇರೆಬೇರೆ ಗೂಡಿನ ಮರಿ ಬೆರೆಯಬಾರದು, ಬೆರೆತರೆ ಇಷ್ಟು ದಿನ ಬರೆದದ್ದೆಲ್ಲ ವ್ಯರ್ಥ. ಮೇಲಿನ ಮರಳು ಸ್ವಲ್ಪ ಕುಸಿದು ಬಟ್ಟಲಿನಂತೆ ಆದರೆ ಒಂದೆರಡು ದಿನದಲ್ಲಿ ಮರಿ ಬರುತ್ತದೆ ಎಂದು ತಿಳಿಯಿರಿ. ಮರಿಗಳು ಹೆಚ್ಚಾಗಿ ಮರಳು ತಣಿದ ರಾತ್ರಿಯಲ್ಲೇ ಬರುತ್ತವೆ. ರಾತ್ರಿಯೆಲ್ಲ ಅರ್ಧ ಗಂಟೆಗೊಮ್ಮೆ ಬುಟ್ಟಿ ನೋಡಲು ಸರದಿ ಹಾಕಿಕೊಳ್ಳಿ. ಬೆಳಗಾದ ಮೇಲೆ ಬುಟ್ಟಿಯೊಳಗೆ ಬಿಸಿಲಿಗೆ ಸಿಕ್ಕ ಮರಿ ಬೇಗ ಸಾಯುತ್ತದೆ. ಇರುವೆಯೂ ಬಿಡುವುದಿಲ್ಲ.

ಬಂದ ಮರಿಗಳನ್ನು ಎಣಿಸಿ, ಕೂಡಲೇ ಬಿಡಿ. 'ಬೆಳಿಗ್ಗೆ ಸಾಹೇಬರು ಬರುತ್ತಾರೆ, ತಮ್ಮಾ, ಅಲ್ಲಿವರೆಗೆ ಇಟ್ಟುಕೋ' ಎಂದರೆ ಒಪ್ಪಬೇಡಿ. ಮರಿಯ ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯ ಶಕ್ತಿಯಿಂದಲೇ ಅದು ಮೊದಲ ದಿನ ಬಿಡದೆ ಈಜಿ ಆಳದ ನೀರು ಸೇರಬೇಕು. ಬಕೆಟ್‌ನಲ್ಲಿ, ನೀರಿನ ಟಬ್‌ನಲ್ಲಿ ಇಟ್ಟರೆ ಆ ಶಕ್ತಿ ಅಲ್ಲೇ ಒದ್ದಾಡಿ ಖಾಲಿಯಾಗುತ್ತದೆ. ಊರಿನವರು, ಶಾಲೆ ಮಕ್ಕಳು ನೋಡಲಿ, ಅದು ಒಳ್ಳೆಯದೇ. ಆದರೆ ಮರಿಯ ಹೊತ್ತಿಗೆ ಜನ ಬರಬೇಕು.

ಹಗಲಲ್ಲಿ ಬಂದವುಗಳನ್ನು ತೇವದ ಮರಳು ಹಾಕಿದ ಬುಟ್ಟಿಯಲ್ಲಿ, ಒದ್ದೆ ಬಟ್ಟೆ ಮುಚ್ಚಿ, ಕತ್ತಲೆಯ ತಂಪು ಜಾಗದಲ್ಲಿ ಇಟ್ಟು ಸಂಜೆ ಕತ್ತಲಾದ ಕೂಡಲೇ ಬಿಡಬೇಕು. ನೀರಿನ ಅಂಚಿನಿಂದ ಹತ್ತು ಮೀಟರ್ ಆದರೂ ಹಿಂದೆ ಬಿಟ್ಟು ಅವು ತಾವೇ ನಡೆದು ಹೋಗಲಿ. ಎತ್ತಿ ಅಲೆಗೆ ಹಾಕಬೇಡಿ. ಒಂದೇ ಜಾಗದಲ್ಲಿ ದಿನವೂ ಬಿಟ್ಟರೆ ಅಲ್ಲಿ ಮೀನು, ಹಕ್ಕಿ ಕಾಯುವುದನ್ನು ಕಲಿಯುತ್ತವೆ, ಜಾಗ ಬದಲಿಸುತ್ತಿರಿ. ಹತ್ತಿರದ ದೀಪಗಳನ್ನು ಆರಿಸಿಸಿ, ಯಾಕೆಂದರೆ ಮರಿ ಹೋಗುವುದು ಎಲ್ಲಿ ಬೆಳಕು ಜಾಸ್ತಿಯೋ ಆ ಕಡೆಗೆ. ಕಡಲಿನ ಕಡೆಗಿಂತ ರಸ್ತೆ ಬೆಳಗಿದರೆ ರಸ್ತೆಗೇ ನಡೆಯುತ್ತದೆ.

ಗೂಡು ತೆರೆದು ಲೆಕ್ಕ ಹಾಕುವುದು

ಮೊದಲ ಮರಿ ಬಂದ ಎರಡು-ಮೂರು ದಿನದ ಮೇಲೆ ಇಲಾಖೆಯವರ ಎದುರು ಗೂಡನ್ನು ಕೈಯಿಂದ ಅಗೆಯಿರಿ. ಒಳಗೆ ಜೀವಂತ ಮರಿ ಸಿಕ್ಕಿಕೊಂಡಿರಬಹುದು. ಖಾಲಿ ಚಿಪ್ಪುಗಳನ್ನು ಎಣಿಸುವಾಗ ಅರ್ಧಕ್ಕಿಂತ ದೊಡ್ಡ ಚೂರನ್ನು ಮಾತ್ರ ಒಂದೆಂದು ಹಿಡಿಯಿರಿ. ಒಡೆಯದ ಮೊಟ್ಟೆಗಳನ್ನು ಬೇರೆ ಮಾಡಿ ತೆರೆದು ನೋಡಬೇಕು, ಕೆಟ್ಟ ವಾಸನೆ ಇರುತ್ತದೆ, ಆದರೂ ನೋಡಬೇಕು. ಏನೂ ಬೆಳೆಯದಿದ್ದರೆ ಮೊಟ್ಟೆ ಫಲಿತವಾಗಿಲ್ಲ, ಇಲ್ಲವೇ ತೀರಾ ಮೊದಲೇ ಸತ್ತಿದೆ. ಸಣ್ಣ ಭ್ರೂಣಗಳು ತುಂಬಾ ಇದ್ದರೆ ಸಾಗಿಸುವಾಗ ಪೆಟ್ಟಾಗಿರಬಹುದು. ಪೂರ್ತಿ ಬೆಳೆದ ಮರಿಗಳು ಸತ್ತಿದ್ದರೆ ಕೊನೆಯ ದಿನಗಳ ಬಿಸಿ ಅಥವಾ ನೀರನ್ನು ಸಂಶಯಿಸಿ, ಥರ್ಮಾಮೀಟರ್ ಪಟ್ಟಿ ತೆಗೆದು ಹೋಲಿಸಿ.

112 ಮೊಟ್ಟೆಯಲ್ಲಿ 94 ಚಿಪ್ಪು ಖಾಲಿ ಸಿಕ್ಕರೆ 94ನ್ನು 112ರಿಂದ ಭಾಗಿಸಿ ನೂರರಿಂದ ಗುಣಿಸಿ: ಸುಮಾರು ಶೇ 84. ಇದನ್ನು ಸಾಗಿಸಿದ ಗೂಡುಗಳಿಗೆ ಬೇರೆ, ಸ್ಥಳದಲ್ಲೇ ಬಿಟ್ಟ ಗೂಡುಗಳಿಗೆ ಬೇರೆ ಬರೆಯಿರಿ. ಎರಡನ್ನೂ ಕೂಡಿಸಿ ಒಂದೇ ಅಂಕಿ ಹೇಳಿದರೆ ಹ್ಯಾಚರಿ ನಿಜವಾಗಿ ಒಳ್ಳೆಯದು ಮಾಡುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಚಿಪ್ಪು, ಕೊಳೆತ ಮೊಟ್ಟೆಗಳನ್ನು ಹ್ಯಾಚರಿಯಿಂದ ದೂರ ಆಳವಾಗಿ ಹೂಳಿ. ಏಪ್ರಿಲ್ ನಂತರ ಸಿಕ್ಕ ತಡದ ಗೂಡುಗಳಿಗೆ ಜೂನ್ ಮೊದಲ ವಾರದ ಮಳೆ, ದೊಡ್ಡ ಅಲೆಗಳ ಅಪಾಯ ಇದೆ. ಅವುಗಳ ಸುತ್ತ ನೀರು ಹರಿದುಹೋಗಲು ಕಾಲುವೆ ತೋಡಿ, ಕೊನೆಯ ಗೂಡು ಮುಗಿಯುವವರೆಗೆ ಕಾವಲು ಇರಲಿ. ಆಮೇಲೆ ಜಾಲರಿ, ಗೂಟ, ಹಸಿರು ಬಲೆ ಎಲ್ಲ ಬಿಚ್ಚಿ ತನ್ನಿ, ದಂಡೆಯಲ್ಲಿ ಬಿಟ್ಟರೆ ಮಳೆಗಾಲದ ಅಲೆ ಅದನ್ನು ಕಡಲಿಗೆ ಒಯ್ಯುತ್ತದೆ. ಕಾರ್ಡುಗಳ ಒಂದು ಪ್ರತಿ ವಲಯ ಕಚೇರಿಗೆ, ಒಂದು ಪ್ರತಿ ಊರಿನಲ್ಲಿ. ಈ ವರ್ಷ ಹ್ಯಾಚರಿ ಇದ್ದ ಜಾಗದ ಜಿಪಿಎಸ್ ಅದರ ಮೇಲೆ ಬರೆದಿಡಿ, ಮುಂದಿನ ನವೆಂಬರ್‌ನಲ್ಲಿ ಹೊಸ ಜಾಗ ಆರಿಸುವವರಿಗೆ ಮೊದಲು ಬೇಕಾಗುವುದು ಅದೇ.